ಬೂದಿ ಬಹಿರಂಗ, ಉಪವಾಸ ಗುಟ್ಟು: ತಪಸ್ಸುಕಾಲದ ಅಧ್ಯಾತ್ಮ



ಕ್ರೈಸ್ತರು ಪಾಸ್ಕ ಹಬ್ಬಕ್ಕೆ, ಎಂದರೆ ಯೇಸುವಿನ ಪುನರುತ್ಥಾನದ ಹಬ್ಬಕ್ಕೆ, ಮುಂಚಿನ ನಲವತ್ತು ದಿನಗಳನ್ನು ಲೆಂಟ್ ಎಂದು ಆಚರಿಸುತ್ತಾರೆ. ಕನ್ನಡದ ಕಥೋಲಿಕರಿಗೆ ಅದು ತಪಸ್ಸುಕಾಲ. ಪಶ್ಚಿಮದ ಸಂಪ್ರದಾಯದಲ್ಲಿ ಅದು ಬೂದಿ ಬುಧವಾರದಂದು ಆರಂಭವಾಗುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹಂಚಿದ ಗರಿಗಳನ್ನು ಸುಟ್ಟು ಬೂದಿ ಮಾಡಿ, ಗುರುಗಳು ಅದರಿಂದ ಒಬ್ಬೊಬ್ಬರ ಹಣೆಯ ಮೇಲೂ ಶಿಲುಬೆಯ ಗುರುತು ಹಾಕುತ್ತಾರೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂದು ನೆನಪಿಸುತ್ತಾರೆ. ಆದರೆ ಬೂದಿ ಹಚ್ಚುವುದಕ್ಕೆ ಸ್ವಲ್ಪವೇ ಮೊದಲು, ಅದೇ ಪೂಜೆಯಲ್ಲಿ, ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ ಒಂದು ಭಾಗವನ್ನು ಓದುತ್ತಾರೆ. ಪರ್ವತ ಪ್ರಸಂಗದ ಆ ಭಾಗದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಎಂಬ ಮೂರನ್ನೂ ಗುಟ್ಟಾಗಿ ಮಾಡಬೇಕೆನ್ನುತ್ತಾನೆ. ಉಪವಾಸವಿದ್ದವನು ಮೋರೆ ಸಪ್ಪೆ ಮಾಡಿಕೊಂಡು ತಿರುಗಬಾರದು, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡು ಎಂದಿನಂತೆ ಇರಬೇಕು ಎನ್ನುವುದು ಅಲ್ಲಿನ ತಾತ್ಪರ್ಯ. ಮುಖ ತೊಳೆದುಕೊಳ್ಳಿ ಎಂಬ ಉಪದೇಶ ಕೇಳಿದವರು ಮರುಗಳಿಗೆಯಲ್ಲೇ ಹಣೆಗೆ ಬೂದಿ ಬಳಿಸಿಕೊಂಡು ಬೀದಿಗಿಳಿಯುತ್ತಾರೆ. ಇದು ಆಚಾರ ರೂಪಿಸಿದವರ ಕಣ್ತಪ್ಪೇ? ಅಥವಾ ಈ ವಿರೋಧದಲ್ಲೇ ತಪಸ್ಸುಕಾಲದ ತಿರುಳು ಅಡಗಿದೆಯೇ? ಈ ಉಪನ್ಯಾಸ ಎತ್ತಿಕೊಳ್ಳುವುದು ಇದೊಂದೇ ಪ್ರಶ್ನೆಯನ್ನು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಂತೆಯ ವ್ಯಾಪಾರಿ ಒಳ್ಳೆಯ ಹಣ್ಣನ್ನು ಮೇಲಿಟ್ಟು ಕೊಳೆತದ್ದನ್ನು ಅಡಿಗೆ ತಳ್ಳುವಂತೆ, ಸಮಾಜದ ನಡುವೆ ಬದುಕುವ ನಾವೆಲ್ಲ ನಮ್ಮ ಸಾಧನೆಯನ್ನು ಎದುರಿಗಿಟ್ಟು ಕೊರತೆಯನ್ನು ಮರೆಮಾಡುತ್ತೇವೆ. ತಪಸ್ಸುಕಾಲ ಈ ಕ್ರಮವನ್ನು ಬುಡಮೇಲು ಮಾಡುತ್ತದೆ. ನಾನು ಸಾಯುವವನು, ತಪ್ಪು ಮಾಡಿದವನು ಎಂಬುದನ್ನು ಅದು ಹಣೆಯ ಮೇಲೆ ಬರೆಯುತ್ತದೆ. ನಾನು ಹಸಿದೆ, ಕೊಟ್ಟೆ, ಬೇಡಿದೆ ಎಂಬುದನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಇರಿಸುತ್ತದೆ. ಬೂದಿ ಹೇಳುವುದು ಕೊರತೆಯನ್ನು, ಆದ್ದರಿಂದ ಅದು ಬಹಿರಂಗ. ಉಪವಾಸ ಸಾಧನೆಯಾಗಿಬಿಡುವ ಅಪಾಯವುಳ್ಳದ್ದು, ಆದ್ದರಿಂದ ಅದು ಗುಟ್ಟು. ಹೀಗೆ ನೋಡಿದರೆ ಬೂದಿ ಬುಧವಾರದ ವಾಚನಕ್ಕೂ ಆಚರಣೆಗೂ ಜಗಳವಿಲ್ಲ. ಎರಡೂ ಒಂದೇ ಶಿಸ್ತಿನ ಎರಡು ಮಗ್ಗುಲುಗಳು. ಈ ಓದು ಇಂದು ಹೊಸದಾಗಿ ಹೊಳೆದ ಚಮತ್ಕಾರವಲ್ಲ ಎಂಬುದಕ್ಕೆ ಈ ಆಚರಣೆ ಬೆಳೆದುಬಂದ ಚರಿತ್ರೆಯಲ್ಲೇ ಸಾಕ್ಷ್ಯಗಳಿವೆ.

ನಲವತ್ತು ಎಂಬ ಸಂಖ್ಯೆಯಿಂದ ಆರಂಭಿಸಬಹುದು. ಮೋಶೆ ಸೀನಾಯ್ ಬೆಟ್ಟದ ಮೇಲೆ, ಎಲೀಯ ಹೋರೇಬಿನ ದಾರಿಯಲ್ಲಿ, ಯೇಸು ಯೂದಾಯದ ಬೆಂಗಾಡಿನಲ್ಲಿ ನಲವತ್ತು ದಿನ ಅನ್ನ ಬಿಟ್ಟರೆಂದು ಬೈಬಲ್ ಹೇಳುತ್ತದೆ. ಆದರೆ ಆದಿ ಕ್ರೈಸ್ತರೆಲ್ಲ ಮೊದಲಿನಿಂದಲೂ ನಲವತ್ತು ದಿನವನ್ನೇ ಪಾಲಿಸಿದರೆಂದು ತಿಳಿಯಬೇಕಿಲ್ಲ. ಸುಮಾರು 190ರಲ್ಲಿ ಲಿಯಾನ್ ಪಟ್ಟಣದ ಬಿಷಪ್ ಇರೆನೇಯಸ್ ರೋಮಿನ ಬಿಷಪ್ ವಿಕ್ಟರನಿಗೆ ಬರೆದ ಪತ್ರದ ತುಣುಕೊಂದನ್ನು ಚರಿತ್ರಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಪಾಸ್ಕಕ್ಕೆ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು ನಲವತ್ತು ಗಂಟೆ ಉಪವಾಸ ಇರುತ್ತಾರೆ ಎಂದು ಅದರಲ್ಲಿದೆ. ಈ ಭೇದಕ್ಕಾಗಿ ಯಾರೂ ಯಾರನ್ನೂ ಹೊರಗಿಡಲಿಲ್ಲ, ಉಪವಾಸದ ಭಿನ್ನತೆ ನಂಬಿಕೆಯ ಐಕ್ಯವನ್ನೇ ಗಟ್ಟಿ ಮಾಡುತ್ತದೆ ಎಂಬುದು ಇರೆನೇಯಸನ ನಿಲುವು. 325ರ ನಿಸೇಯ ಮಹಾಸಭೆಯ ಐದನೆಯ ವಿಧಿ ನಲವತ್ತರ ಕಾಲವನ್ನು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಹೆಸರಿಸುತ್ತದೆ. ಆದರೆ ಐದನೆಯ ಶತಮಾನದ ಚರಿತ್ರಕಾರ ಸಾಕ್ರಟೀಸ್ ಸ್ಕಾಲಸ್ಟಿಕಸ್ ಕಂಡದ್ದು ಬೇರೆ: ಒಂದು ಕಡೆ ಮೂರು ವಾರ, ಇನ್ನೊಂದು ಕಡೆ ಆರು, ಮತ್ತೊಂದು ಕಡೆ ಏಳು, ಕೆಲವರು ಮೀನು ತಿನ್ನುತ್ತಾರೆ, ಕೆಲವರು ಕೋಳಿಯನ್ನೂ ತಿನ್ನುತ್ತಾರೆ, ಎಲ್ಲರೂ ಅದನ್ನು ನಲವತ್ತೆಂದೇ ಕರೆಯುತ್ತಾರೆ. ಇಂದಿಗೂ ಪಶ್ಚಿಮದವರು ಭಾನುವಾರಗಳನ್ನು ಲೆಕ್ಕದಿಂದ ಬಿಟ್ಟು 46 ದಿನಗಳಲ್ಲಿ ನಲವತ್ತನ್ನು ಕಾಣುತ್ತಾರೆ. ಬೈಜಾಂಟಿಯನ್ ಪರಂಪರೆಯ ಪೂರ್ವದ ಸಭೆಗಳಲ್ಲಿ ಬೂದಿಯ ವಿಧಿಯಿಲ್ಲ, ಅಲ್ಲಿ ಈ ಕಾಲ ಸೋಮವಾರದಂದೇ ಆರಂಭವಾಗುತ್ತದೆ. ದಿನದ ಎಣಿಕೆಯೇ ಮುಖ್ಯವಾಗಿದ್ದರೆ ಇಷ್ಟು ಸಡಿಲಕ್ಕೆ ಎಡೆ ಇರುತ್ತಿರಲಿಲ್ಲ. ಲೆಕ್ಕಕ್ಕೆ ಸಿಗುವ ಅಂಶ ಈ ಕಾಲದ ಜೀವಾಳವಲ್ಲ ಎಂಬುದು ಚರಿತ್ರೆ ಕಲಿಸುವ ಮೊದಲ ಪಾಠ.

ಇನ್ನು ಬೂದಿ. ಹಣೆಗೆ ಬೂದಿ ಏರುವುದು ಕನ್ನಡಿಗರಿಗೆ ಹೊಸತಲ್ಲ. ಶರಣರ ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು. ಆದರೆ ಭಕ್ತನ ಹಣೆಯ ವಿಭೂತಿ ಪಾವನತೆಯ ಲಾಂಛನ, ಶಿವಕೃಪೆಯ ರಕ್ಷೆ. ಬೂದಿ ಬುಧವಾರದ ಬೂದಿ ಹುಟ್ಟಿದ್ದು ಅವಮಾನದ ಗುರುತಾಗಿ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ಘೋರ ಪಾಪ ಮಾಡಿದವರು ಬಹಿರಂಗ ಪ್ರಾಯಶ್ಚಿತ್ತದ ಸಾಲಿಗೆ ಸೇರುತ್ತಿದ್ದರು. ಅವರು ಪರಮಪ್ರಸಾದದಿಂದ ದೂರವಿದ್ದು, ಸಭೆಯ ಎದುರು ದುಃಖಿಸಿ, ಪಾಸ್ಕದ ಹೊತ್ತಿಗೆ ಮತ್ತೆ ಒಳಗೆ ಬರಬೇಕಿತ್ತು. ರೋಮಿನ ಶ್ರೀಮಂತ ಮನೆತನದ ಫಾಬಿಯೋಲಾ ಕೆದರಿದ ಕೂದಲಲ್ಲಿ ಲ್ಯಾಟರನ್ ದೇವಾಲಯದಲ್ಲಿ ಆ ಸಾಲಿನಲ್ಲಿ ನಿಂತದ್ದನ್ನು ಕ್ರೈಸ್ತ ಪಂಡಿತ ಜೆರೋಮ್ 399ರ ಸುಮಾರಿನ ಪತ್ರವೊಂದರಲ್ಲಿ ವರ್ಣಿಸಿದ್ದಾನೆ. ದುರಾಚಾರಿ ಗಂಡನನ್ನು ಬಿಟ್ಟು ಮರುಮದುವೆಯಾದದ್ದು ಅವಳ ಮೇಲಿದ್ದ ಆರೋಪ. ಇಂದಿನ ಕಣ್ಣಿಗೆ ಅದು ತಪ್ಪೆಂದೇ ತೋರಲಿಕ್ಕಿಲ್ಲ. ಅವಳು ಆಮೇಲೆ ತನ್ನ ಆಸ್ತಿ ಮಾರಿ ರೋಮಿನಲ್ಲಿ ರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿಸಿದಳು. ಮುಂದಿನ ಶತಮಾನಗಳಲ್ಲಿ ಈ ಬಹಿರಂಗ ಪ್ರಾಯಶ್ಚಿತ್ತದ ಪದ್ಧತಿ ಸವೆಯಿತು. ಸವೆದಾಗ ಬೂದಿಯೂ ಮಾಯವಾಗಬೇಕಿತ್ತು. ಆಗಿದ್ದು ತದ್ವಿರುದ್ಧ: ಪಾಪಿಗಳೆಂದು ಗುರುತಿಸಿದ ಕೆಲವರ ತಲೆಯ ಮೇಲಿದ್ದ ಬೂದಿಯನ್ನು ಉಳಿದವರೂ ಕೇಳಿ ಪಡೆಯತೊಡಗಿದರು. 1091ರಲ್ಲಿ ಎರಡನೆಯ ಅರ್ಬನ್ ಪೋಪನ ಅಧ್ಯಕ್ಷತೆಯಲ್ಲಿ ಬೆನೆವೆಂಟೋದಲ್ಲಿ ಸೇರಿದ ಸಭೆ ಗುರುಗಳು, ಗೃಹಸ್ಥರು, ಹೆಂಗಸರು, ಗಂಡಸರು ಎಂಬ ಭೇದವಿಲ್ಲದೆ ಎಲ್ಲರೂ ಬೂದಿ ಧರಿಸಬೇಕೆಂದಿತು. ಇಂದು ರೋಮಿನ ಸಾಂತಾ ಸಬೀನಾ ದೇವಾಲಯದಲ್ಲಿ ಪೋಪ್ ಕೂಡ ಆ ದಿನ ತಲೆಬಾಗಿ ಬೂದಿ ಪಡೆಯುತ್ತಾರೆ. ಕೆಲವರ ಕಳಂಕ ಎಲ್ಲರ ಗುರುತಾಯಿತು. ಯಾರು ಪಾಪಿ ಎಂದು ಬೆರಳು ತೋರಿಸುವವನ ಹಣೆಯಲ್ಲೂ ಅದೇ ಬೂದಿ. ಅದನ್ನು ಭಕ್ತಿಯ ಪದಕವೆಂದು ತಿಳಿದವರು ಈ ಚರಿತ್ರೆಯನ್ನು ಮರೆತಿದ್ದಾರೆ.

ಕೊರತೆಯನ್ನು ಬಯಲಿಗಿಡುವುದು ಆಚಾರದೊಳಗಿನ ಮಾತಷ್ಟೇ ಅಲ್ಲ, ಊರಿನ ಮಾತೂ ಆಗಬಲ್ಲದು ಎಂಬುದಕ್ಕೆ 387ರ ಅಂತಿಯೋಕ್ಯ ಪಟ್ಟಣ ನಿದರ್ಶನ. ಹೊಸ ತೆರಿಗೆಗೆ ಸಿಟ್ಟಿಗೆದ್ದ ಜನ ಚಕ್ರವರ್ತಿ ಥಿಯೋಡೋಸಿಯಸನ, ಅವನ ಮನೆಯವರ ಪ್ರತಿಮೆಗಳನ್ನು ಕೆಡವಿ ಎಳೆದಾಡಿದರು. ಸಾಮ್ರಾಜ್ಯದ ಕಾನೂನಿನಲ್ಲಿ ಅದು ರಾಜದ್ರೋಹ. ಊರಿಗೆ ಊರೇ ನಾಶವಾದೀತೆಂಬ ಭಯ ಹಬ್ಬಿತು. ವೃದ್ಧ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡಲು ರಾಜಧಾನಿಗೆ ಹೊರಟ. ಊರಿನಲ್ಲಿ ಉಳಿದ ಗುರು ಜಾನ್, ಮುಂದೆ ಕ್ರಿಸೊಸ್ಟಮ್ ಎಂದು ಹೆಸರಾದವನು, ಆ ತಪಸ್ಸುಕಾಲದುದ್ದಕ್ಕೂ ಪ್ರವಚನ ಮಾಡಿದ. ಜನ ಒಬ್ಬರನ್ನೊಬ್ಬರು ಎಷ್ಟು ವಾರ ಉಪವಾಸ ಮಾಡಿದೆ ಎಂದು ಕೇಳಿಕೊಳ್ಳುವುದನ್ನು ಅವನು ಟೀಕಿಸಿದ. ಹೊಟ್ಟೆಯಷ್ಟೇ ಅಲ್ಲ, ಕಣ್ಣು, ಕಿವಿ, ನಾಲಿಗೆಗಳೂ ಉಪವಾಸ ಇರಬೇಕು. ವಾರಗಳ ಲೆಕ್ಕ ಒಪ್ಪಿಸುವುದಕ್ಕಿಂತ, ನನಗೊಬ್ಬ ವೈರಿಯಿದ್ದ, ಅವನೊಡನೆ ರಾಜಿಯಾದೆ ಎಂದು ಹೇಳುವಂತಾಗುವುದು ಮೇಲು ಎಂಬುದು ಅವನ ಬೋಧೆ. ಈ ಮಾತಿನ ಮಗ್ಗುಲನ್ನು ಗಮನಿಸಬೇಕು. ಹಸಿವಿನ ಲೆಕ್ಕದ ಬಾಯನ್ನು ಅವನು ಮುಚ್ಚಿಸುತ್ತಾನೆ, ದ್ವೇಷವಿತ್ತೆಂಬ ತಪ್ಪೊಪ್ಪಿಗೆಯ ಬಾಯನ್ನು ಬಿಡಿಸುತ್ತಾನೆ. ಆ ವರ್ಷ ಚಕ್ರವರ್ತಿ ಕ್ಷಮಿಸಿದ. ಮೂರೇ ವರ್ಷದಲ್ಲಿ, 390ರಲ್ಲಿ, ಅದೇ ಥಿಯೋಡೋಸಿಯಸ್ ಥೆಸಲೋನಿಕದಲ್ಲಿ ಜನರ ಕಗ್ಗೊಲೆಗೆ ಕಾರಣನಾದಾಗ, ಮಿಲಾನಿನ ಬಿಷಪ್ ಅಂಬ್ರೋಸ್ ಅವನನ್ನು ಪ್ರಾಯಶ್ಚಿತ್ತದ ಸಾಲಿನಲ್ಲಿ ನಿಲ್ಲಿಸಿದ. ಅದು ನಡೆದದ್ದು ತಪಸ್ಸುಕಾಲದಲ್ಲಲ್ಲ. ಆದರೂ ಸಾಮ್ರಾಟನ ಪ್ರತಿಮೆ ಮುಟ್ಟಿದ್ದೇ ಮಹಾಪರಾಧವಾಗಿದ್ದ ಕಾಲದಲ್ಲಿ ಸಾಮ್ರಾಟನ ಅಪರಾಧವೂ ಹೊರಗೆ ಬರಬೇಕೆಂದು ಹೇಳಲು ಧೈರ್ಯ ಕೊಟ್ಟದ್ದು ಇದೇ ಶಿಸ್ತು.

ಈಗ ಗುಟ್ಟಿನ ಕಡೆಗೆ ಬರೋಣ. ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ: ಇಡೀ ಸಮುದಾಯ ಒಂದೇ ಕಾಲದಲ್ಲಿ ಉಪವಾಸ ಮಾಡುವಾಗ ಅದು ಗುಟ್ಟಾಗಿ ಉಳಿಯುವುದು ಹೇಗೆ? ನನ್ನ ಉತ್ತರವೆಂದರೆ, ಎಲ್ಲರೂ ಕೂಡಿ ಮಾಡುವುದೇ ಅತ್ಯುತ್ತಮ ಮರೆ. ಒಬ್ಬನೇ ಊಟ ಬಿಟ್ಟರೆ ಪಂಕ್ತಿಯೆಲ್ಲ ಅವನನ್ನು ನೋಡುತ್ತದೆ. ಎಲ್ಲರೂ ಬಿಟ್ಟರೆ ಯಾರೂ ಯಾರನ್ನೂ ನೋಡುವುದಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಪಶ್ಚಿಮದಿಂದ ಜೆರುಸಲೇಮಿಗೆ ಯಾತ್ರೆ ಬಂದ ಎಗೇರಿಯಾ ಎಂಬ ಮಹಿಳೆಯ ಬರಹ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಎಂಟು ವಾರಗಳ ಆಚರಣೆ, ಶನಿವಾರ ಭಾನುವಾರ ಉಪವಾಸವಿಲ್ಲ. ಕೆಲವರು ವಾರಕ್ಕೊಮ್ಮೆ ಮಾತ್ರ ಉಣ್ಣುತ್ತಾರೆ, ಕೆಲವರು ದಿನವೂ ಸಂಜೆ ಉಣ್ಣುತ್ತಾರೆ. ಯಾರೂ ಯಾರಿಂದಲೂ ಇಷ್ಟೆಂದು ವಸೂಲಿ ಮಾಡುವುದಿಲ್ಲ. ಹೆಚ್ಚು ಮಾಡಿದವನಿಗೆ ಹೊಗಳಿಕೆಯಿಲ್ಲ, ಕಡಿಮೆ ಮಾಡಿದವನಿಗೆ ತೆಗಳಿಕೆಯಿಲ್ಲ ಎಂದು ಅವಳು ದಾಖಲಿಸುತ್ತಾಳೆ. ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿಯ 49ನೆಯ ಅಧ್ಯಾಯ ಇನ್ನೂ ಸೂಕ್ಷ್ಮ. ಸನ್ಯಾಸಿಯ ಬಾಳು ವರ್ಷವಿಡೀ ತಪಸ್ಸುಕಾಲದಂತಿರಬೇಕು, ಆದರೆ ಅಷ್ಟು ಶಕ್ತಿ ಕೆಲವರಿಗೆ ಮಾತ್ರ. ಆದ್ದರಿಂದ ಈ ದಿನಗಳಲ್ಲಾದರೂ ಊಟದಲ್ಲಿ, ನಿದ್ದೆಯಲ್ಲಿ, ಹರಟೆಯಲ್ಲಿ ಏನಾದರೂ ಕಡಿಮೆ ಮಾಡಬೇಕು, ಅದನ್ನು ಸಂತೋಷದಿಂದ ಮಾಡಬೇಕು ಎನ್ನುತ್ತಾನೆ. ಆದರೆ ಏನು ಮಾಡಹೊರಟಿದ್ದೇನೆಂದು ಮಠಾಧಿಪತಿಗೆ ತಿಳಿಸಿ ಒಪ್ಪಿಗೆ ಪಡೆಯಲೇಬೇಕು. ಇಲ್ಲವಾದರೆ ಅದು ಪುಣ್ಯವಲ್ಲ, ಒಣ ಹೆಮ್ಮೆ. ಜನರಿಂದ ಮುಚ್ಚಿಟ್ಟ ಸಾಧನೆ ತನ್ನೊಳಗೇ ಕೊಬ್ಬಬಹುದೆಂದು ಬೆನೆಡಿಕ್ಟನಿಗೆ ಗೊತ್ತಿತ್ತು. ಅದಕ್ಕೆಂದೇ ಗುಂಪಿನಿಂದ ಗುಟ್ಟು, ಗುರುವಿನಿಂದ ಗುಟ್ಟಲ್ಲ.

ಗುಟ್ಟಾಗಿ ಉಳಿಸಿದ ಅನ್ನ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ಉಪವಾಸವನ್ನು ಕ್ರೈಸ್ತ ಪರಂಪರೆ ಆರಂಭದಿಂದಲೂ ಅರೆಬರೆಯೆಂದೇ ಎಣಿಸಿದೆ. ಎರಡನೆಯ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡೀಸ್ ರೋಮನ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಬರೆದ ಸಮರ್ಥನೆಯಲ್ಲಿ, ತಮ್ಮ ನಡುವಿನ ಬಡವನಿಗೆ ಕೊಡಲು ಹೆಚ್ಚಿನದೇನೂ ಇಲ್ಲದಿದ್ದಾಗ ಅವರು ಎರಡು ಮೂರು ದಿನ ಉಪವಾಸವಿದ್ದು ಅವನಿಗೆ ಊಟ ಒದಗಿಸುತ್ತಾರೆ ಎಂದಿದ್ದಾನೆ. ಅದೇ ಶತಮಾನದ ‘ಹರ್ಮಾಸನ ಕುರುಬ’ ಎಂಬ ಕೃತಿ, ಉಪವಾಸದ ದಿನ ತಿನ್ನದೆ ಬಿಟ್ಟ ಊಟದ ಬೆಲೆಯನ್ನು ಲೆಕ್ಕಹಾಕಿ ವಿಧವೆಗೆ, ತಬ್ಬಲಿಗೆ, ಇಲ್ಲದವನಿಗೆ ಕೊಡಬೇಕೆನ್ನುತ್ತದೆ. ಐದನೆಯ ಶತಮಾನದ ಪೋಪ್ ಮಹಾ ಲಿಯೋ ತನ್ನ ತಪಸ್ಸುಕಾಲದ ಪ್ರವಚನಗಳಲ್ಲಿ ಮತ್ತೆ ಮತ್ತೆ ಇದೇ ಕಡೆಗೆ ಬರುತ್ತಾನೆ. ಇವರೆಲ್ಲರ ಹಿಂದೆ ನಿಂತಿರುವುದು ಯೆಶಾಯ ಪ್ರವಾದಿಯ 58ನೆಯ ಅಧ್ಯಾಯ; ಉಪವಾಸದ ದಿನವೇ ಕೂಲಿಯವರನ್ನು ಹಿಂಡುವವರನ್ನು ಪ್ರವಾದಿ ಅಲ್ಲಿ ತರಾಟೆಗೆ ತೆಗೆದುಕೊಂಡು, ಬಂಧನ ಬಿಚ್ಚುವುದೂ ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೂ ದೇವರಿಗೆ ಮೆಚ್ಚಿನ ಉಪವಾಸ ಎನ್ನುತ್ತಾನೆ. ನಮ್ಮ ಕಾಲದಲ್ಲೂ ಈ ಎಳೆ ಕಡಿದಿಲ್ಲ. ಹಸಿವು ಮತ್ತು ರೋಗದ ವಿರುದ್ಧ ದುಡಿಯಲು 1958ರಲ್ಲಿ ಜರ್ಮನಿಯ ಬಿಷಪ್ಪರು ಕಟ್ಟಿದ ಮಿಸೆರಿಯೋರ್ ಸಂಸ್ಥೆ ತಪಸ್ಸುಕಾಲದ ಕಾಣಿಕೆಯನ್ನೇ ಆಧರಿಸಿ ಬೆಳೆಯಿತು. ಭಾರತದ ಎಷ್ಟೋ ಗ್ರಾಮೀಣ ಯೋಜನೆಗಳಿಗೆ ಅದರ ನೆರವು ಬಂದಿದೆ. ತುತ್ತಿಗೂ ಗತಿಯಿಲ್ಲದವನಿಗೆ ಉಪವಾಸ ಬೋಧಿಸುವುದು ಕ್ರೂರ ಹಾಸ್ಯವಲ್ಲವೇ ಎಂದು ಕೇಳುವವರಿಗೆ ಅರಿಸ್ಟೈಡೀಸನ ಮಾತು ಒಂದು ಮಟ್ಟಿಗೆ ಉತ್ತರ. ಅವನು ವರ್ಣಿಸಿದ್ದು ತಾವೇ ಬಡವರಾಗಿದ್ದು ಇನ್ನೊಬ್ಬ ಬಡವನಿಗಾಗಿ ಹಸಿದವರನ್ನು. ಅಂಥ ಹಸಿವಿನಲ್ಲಿ ಆಯ್ಕೆಯಿದೆ, ಆಯ್ಕೆಯಲ್ಲಿ ಮಾನವಿದೆ. ಹೇರಿದ ಹಸಿವಿಗೆ ಮಾತ್ರ ಯಾವ ಅಧ್ಯಾತ್ಮವೂ ಇಲ್ಲ. ತಪಸ್ಸುಕಾಲಕ್ಕೆ ಅದು ಎದುರಾಳಿ.

ಇಲ್ಲಿಂದ ಮುಖ್ಯ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಕ್ರೈಸ್ತರ ಒಳಗಿನಿಂದಲೇ ಬಂದದ್ದು. 1522ರ ತಪಸ್ಸುಕಾಲದ ಮೊದಲ ಭಾನುವಾರ ಜ್ಯೂರಿಕ್ ನಗರದ ಮುದ್ರಕ ಕ್ರಿಸ್ಟೋಫ್ ಫ್ರೋಷಾವರನ ಮನೆಯಲ್ಲಿ ಕೆಲವರು ಮಾಂಸದ ಸಾಸೇಜು ತಿಂದರು. ನಗರಸಭೆ ವಿಚಾರಣೆ ನಡೆಸಿತು. ಫ್ರಾಂಕ್‌ಫರ್ಟಿನ ಮೇಳಕ್ಕೆ ಪುಸ್ತಕ ಸಿದ್ಧವಾಗಬೇಕು, ಹಗಲಿರುಳು ದುಡಿಯುವ ಆಳುಗಳಿಗೆ ಗಂಜಿಯಷ್ಟೇ ಸಾಲದು ಎಂದು ಫ್ರೋಷಾವರ್ ವಾದಿಸಿದ. ಆ ದಿನ ಅಲ್ಲಿದ್ದೂ ತಿನ್ನದ ಪ್ರೊಟೆಸ್ಟೆಂಟ್ ಸುಧಾರಕ ಜ್ವಿಂಗ್ಲಿ, ಆಹಾರದ ಆಯ್ಕೆ ಮತ್ತು ಸ್ವಾತಂತ್ರ್ಯದ ಬಗ್ಗೆ ಪ್ರವಚನ ಮಾಡಿ ಏಪ್ರಿಲ್‌ನಲ್ಲಿ ಅಚ್ಚು ಹಾಕಿಸಿದ: ಉಪವಾಸ ಬೇಕಾದವನು ಮಾಡಲಿ, ದೇವರು ಕಟ್ಟದ ಕಟ್ಟಳೆಯನ್ನು ಮನುಷ್ಯರು ಇತರರ ಮೇಲೆ ಹೇರಬಾರದು. ಇನ್ನೊಬ್ಬ ಸುಧಾರಕ ಕ್ಯಾಲ್ವಿನನೂ ತಪಸ್ಸುಕಾಲದ ಆಚರಣೆಯಲ್ಲಿ ಮೂಢನಂಬಿಕೆಯನ್ನು ಕಂಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಸುಧಾರಣೆಯ ನೆಲದಿಂದಲೇ ಬಂದದ್ದಾದ್ದರಿಂದ ಈ ವಾದ ಕರ್ನಾಟಕದ ಕ್ರೈಸ್ತರ ಮನೆಯೊಳಗಿನದೂ ಹೌದು. ಜ್ವಿಂಗ್ಲಿ ಟೀಕಿಸಿದ ದುರವಸ್ಥೆ ನಿಜವಾಗಿತ್ತೆಂದು ಒಪ್ಪಲೇಬೇಕು. ಫ್ರಾನ್ಸಿನ ರುವಾನ್ ಮಹಾದೇವಾಲಯದ ಒಂದು ಗೋಪುರಕ್ಕೆ ಇಂದಿಗೂ ಬೆಣ್ಣೆ ಗೋಪುರ ಎಂಬ ಹೆಸರು. ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ವಿನಾಯಿತಿ ಪಡೆದವರು ಕೊಟ್ಟ ಹಣ ಅದರ ನಿರ್ಮಾಣಕ್ಕೆ ಸಂದಿತೆಂದು ಪರಂಪರೆ ಹೇಳುತ್ತದೆ. ದಂಡನೆಯ ಭಯದಿಂದ ನಿಂತ ಉಪವಾಸ ಪೊಲೀಸು ಕೆಲಸ, ದುಡ್ಡಿಗೆ ಸಿಗುವ ವಿನಾಯಿತಿ ವ್ಯಾಪಾರ. ಆದರೆ ಸುಧಾರಕರ ಆಕ್ಷೇಪದ ಬೇರನ್ನು ಹಿಡಿದು ನೋಡಿದರೆ, ಪುಣ್ಯ ಎಣಿಸಿ ತೋರಿಸುವ ಸರಕಾಗಬಾರದೆಂಬ ಕಾಳಜಿ ಕಾಣುತ್ತದೆ. ಪರ್ವತ ಪ್ರಸಂಗದ ಕಾಳಜಿಯೂ ಅದೇ. ಅಲ್ಲದೆ ನಿಯಮ ಕಿತ್ತೊಗೆದ ಮಾತ್ರಕ್ಕೆ ಪ್ರದರ್ಶನ ಅಳಿಯುವುದಿಲ್ಲ; ಸಾಸೇಜು ತಿಂದದ್ದೂ ಒಂದು ಪ್ರದರ್ಶನವೇ ಆಗಿತ್ತು. ಕಥೋಲಿಕ ಸಭೆ ತಾನೇ 1966ರಲ್ಲಿ, ಆರನೆಯ ಪೌಲ್ ಪೋಪರ ಆದೇಶದಿಂದ, ಕಡ್ಡಾಯ ಉಪವಾಸವನ್ನು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಇಳಿಸಿತು. ಕಟ್ಟಳೆ ಸಡಿಲವಾದ ಮೇಲೂ ಈ ಕಾಲ ಉಳಿದಿದೆ, ಅನೇಕ ಪ್ರೊಟೆಸ್ಟೆಂಟ್ ಸಭೆಗಳೂ ಅದನ್ನು ಮರಳಿ ಹಿಡಿದಿವೆ. ಕಟ್ಟಳೆಯ ಬಲವೊಂದರಿಂದಲೇ ಅದು ಬದುಕಿರಲಿಲ್ಲ ಎಂಬುದಕ್ಕೆ ಇದೇ ಪುರಾವೆ.

ಎರಡನೆಯ ಆಕ್ಷೇಪ ಹೊರಗಿನದು: ಸಾವನ್ನು ನೆನೆಸಿ, ಪಾಪವನ್ನು ಎಣಿಸಿ, ದೇಹವನ್ನು ದಂಡಿಸುವ ಈ ಕಾಲ ಮನುಷ್ಯನನ್ನು ಕುಗ್ಗಿಸುವುದಿಲ್ಲವೇ? ಕುಗ್ಗಿಸಿದ ಉದಾಹರಣೆಗಳು ಇಲ್ಲವೆನ್ನಲಾಗದು. ಆದರೆ ಈ ಕಾಲದ ರಚನೆಯೇ ಬೇರೆ ಕಡೆಗೆ ಕೈತೋರಿಸುತ್ತದೆ. ಆದಿಸಭೆಯಲ್ಲಿ ಈ ವಾರಗಳು ಪಾಸ್ಕದ ರಾತ್ರಿ ದೀಕ್ಷಾಸ್ನಾನ ಪಡೆಯಲಿರುವವರ ಕೊನೆಯ ತರಬೇತಿಯ ಕಾಲವಾಗಿದ್ದವು. ಜೆರುಸಲೇಮಿನ ಸಿರಿಲ್ 350ರ ಸುಮಾರಿಗೆ ಅವರಿಗೆಂದೇ ಕೊಟ್ಟ ಬೋಧನೆಗಳು ಉಳಿದುಬಂದಿವೆ. ಆಗಲೇ ದೀಕ್ಷೆ ಪಡೆದವರು ಹೊಸಬರ ಜೊತೆಗೂಡಿ ಉಪವಾಸ ಮಾಡುತ್ತಿದ್ದರು. ಎಂದರೆ ಅದು ಹುಟ್ಟಿಗೆ ಕಾಯುವ ಹಸಿವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾ ಶಾಸನವೂ ದೀಕ್ಷಾಸ್ನಾನದ ಸ್ಮರಣೆ ಮತ್ತು ಪ್ರಾಯಶ್ಚಿತ್ತ ಎಂಬ ಎರಡನ್ನು ಜೊತೆಗಿಟ್ಟು, ಪ್ರಾಯಶ್ಚಿತ್ತ ಅಂತರಂಗದ್ದೂ ವೈಯಕ್ತಿಕವೂ ಆಗಿದ್ದರೆ ಸಾಲದು, ಬಾಹ್ಯವೂ ಸಾಮಾಜಿಕವೂ ಆಗಬೇಕೆಂದಿತು. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಈ ಕಾಲಕ್ಕೆ ಕಾಲಿಡುವ ಹಿಂದಿನ ಸಂಜೆ ಗುರುವಿನಿಂದ ಮಗುವಿನವರೆಗೆ ಎಲ್ಲರೂ ಒಬ್ಬರ ಮುಂದೊಬ್ಬರು ಬಾಗಿ ಕ್ಷಮೆ ಕೇಳುತ್ತಾರೆ. ಅಲ್ಲಿ ಕುಗ್ಗುವವನು ಯಾರು? ಎಲ್ಲರೂ ಬಾಗಿದಾಗ ಯಾರೂ ಕೆಳಗಿಲ್ಲ. ದೇಹದ ವಿಷಯದಲ್ಲೂ ಹಾಗೆಯೇ. ಉಪವಾಸ ಒಂದು ಉಪಕರಣ, ಗುರಿಯಲ್ಲ, ಗುರಿ ಪ್ರೀತಿಯಿಂದ ತುಂಬಿದ ಶುದ್ಧ ಹೃದಯ ಎಂದು ಐದನೆಯ ಶತಮಾನದ ಜಾನ್ ಕ್ಯಾಸಿಯನ್ ಬರೆದ. ಮರುಭೂಮಿಯ ಸನ್ಯಾಸಿಗಳ ನಡುವೆ ಬದುಕಿ ಬಂದವನ ಮಾತದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದು ನನ್ನ ವಾದದ ಬುಡಕ್ಕೇ ತಾಗುತ್ತದೆ. ಗುಟ್ಟನ್ನು ಗುಣವೆಂದು ಕಲಿಸಿದ ಸಂಸ್ಥೆಯೇ ತನ್ನ ಅಪರಾಧಗಳನ್ನು ಗುಟ್ಟಾಗಿಟ್ಟಿತಲ್ಲವೇ? 2002ರ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಗುರುಗಳನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗಾಯಿಸಿ ಕಾಪಾಡಿದ ಕತೆಯನ್ನು ಬಯಲಿಗೆಳೆಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಇಲ್ಲಿ ಗುಟ್ಟಾದದ್ದು ಏನು ಎಂದು ಕೇಳಬೇಕು. ಸೇವೆ, ಶಾಲೆ, ಆಸ್ಪತ್ರೆಗಳ ಕೀರ್ತಿ ಬಹಿರಂಗವಾಗಿತ್ತು, ಪಾತಕ ಬೀಗದೊಳಗಿತ್ತು. ಇದು ತಪಸ್ಸುಕಾಲದ ಶಿಸ್ತನ್ನು ತಲೆಕೆಳಗು ಮಾಡಿದ್ದರ ಫಲ. ಆ ಶಿಸ್ತಿನ ಮಾನದಂಡದಿಂದಲೇ ಆ ಮೌನ ಅಪರಾಧವೆನಿಸುತ್ತದೆ. ಆ ಮಾನದಂಡ ಸಂಸ್ಥೆಗೂ ಅನ್ವಯಿಸುತ್ತದೆಂದು ಚರ್ಚು ಆಗಾಗ ಒಪ್ಪಿದ್ದುಂಟು. 2000ದ ಮಾರ್ಚ್ 12, ಆ ವರ್ಷದ ತಪಸ್ಸುಕಾಲದ ಮೊದಲ ಭಾನುವಾರ, ಎರಡನೆಯ ಜಾನ್ ಪೌಲ್ ಪೋಪರು ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಹೆಸರಿನಲ್ಲಿ ಬಲ ಪ್ರಯೋಗಿಸಿದ್ದಕ್ಕೆ, ಯೆಹೂದ್ಯರಿಗೆ, ಸ್ತ್ರೀಯರಿಗೆ, ಅನ್ಯ ಸಂಸ್ಕೃತಿಗಳಿಗೆ ಚರ್ಚಿನ ಮಕ್ಕಳು ಮಾಡಿದ ಅನ್ಯಾಯಕ್ಕೆ ಕ್ಷಮೆ ಬೇಡಿದರು. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿ, ಅಸ್ಪೃಶ್ಯತೆ ಚರ್ಚಿನೊಳಗೂ ಇದೆಯೆಂದು ಒಪ್ಪಿಕೊಂಡಿತು. 2018ರ ಆಗಸ್ಟಿನಲ್ಲಿ ಫ್ರಾನ್ಸಿಸ್ ಪೋಪರು ದೌರ್ಜನ್ಯದ ಪಾಪಕ್ಕಾಗಿ ಇಡೀ ಸಭೆಯನ್ನು ಪ್ರಾರ್ಥನೆಗೂ ಉಪವಾಸಕ್ಕೂ ಕರೆದು ಪತ್ರ ಬರೆದರು. ಇವು ಸಾಕೇ ಎಂದರೆ ಸಾಲವು. ನ್ಯಾಯಾಲಯದ ಕೆಲಸವನ್ನು ಉಪವಾಸ ಮಾಡಲಾರದು. ನೊಂದವರಿಗೆ ಸಲ್ಲಬೇಕಾದ ನ್ಯಾಯಕ್ಕೆ ಕ್ಷಮಾಪಣೆ ಬದಲಿಯಲ್ಲ. ಫಾಬಿಯೋಲಾಳ ಕಾಲದ ಪ್ರಾಯಶ್ಚಿತ್ತವೂ ಮಾತಿನಲ್ಲಿ ಮುಗಿಯುತ್ತಿರಲಿಲ್ಲ, ವರ್ಷಗಟ್ಟಲೆ ನಡೆಯುತ್ತಿತ್ತು, ಬದುಕು ಬದಲಾದುದು ಕಣ್ಣಿಗೆ ಕಾಣಬೇಕಿತ್ತು.

ನಮ್ಮ ಕಾಲದ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತಿದೆ. ತಪಸ್ಸುಕಾಲ ಈಗ ತೂಕ ಇಳಿಸುವ, ಚಾಕಲೇಟು ಬಿಡುವ, ಮೊಬೈಲು ದೂರವಿಡುವ ಸ್ವಸುಧಾರಣೆಯ ಯೋಜನೆಯಾಗುತ್ತಿದೆ. ಹಣೆಯ ಬೂದಿ ಸೆಲ್ಫಿಗೆ ಏರುತ್ತಿದೆ. ಆರೋಗ್ಯಕ್ಕಾಗಿ ಊಟ ಬಿಡುವುದು ತಪ್ಪಲ್ಲ. ಆದರೆ ಅದರ ಲಾಭವೆಲ್ಲ ಬಿಟ್ಟವನಿಗೇ ಸೇರುತ್ತದೆ, ಇನ್ನೊಬ್ಬರ ತಟ್ಟೆಗೆ ಏನೂ ಬೀಳುವುದಿಲ್ಲ, ಮುಗಿದ ಮೇಲೆ ತೋರಿಸಲು ಒಂದು ಸಾಧನೆ ಉಳಿಯುತ್ತದೆ. ಬಾಹ್ಯಾಡಂಬರದ ವ್ರತನೇಮಗಳನ್ನು ವಚನಕಾರರು ಕೆದಕಿ ಪ್ರಶ್ನಿಸಿದ್ದನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಬೂದಿಯ ಚಿತ್ರ ಹಂಚಿಕೊಂಡವನನ್ನು ಗೇಲಿ ಮಾಡುವುದೂ ಸಲ್ಲದು; ಅವನು ತಾನು ಮಣ್ಣೆಂದು ಸಾರುತ್ತಿದ್ದಾನೋ ತಾನು ಭಕ್ತನೆಂದು ಸಾರುತ್ತಿದ್ದಾನೋ ಎಂಬುದು ಅವನಿಗೇ ಬಿಟ್ಟ ವಿಚಾರಣೆ. ಗುಟ್ಟಿನ ಶಿಸ್ತಿಗೆ ಇದೂ ಒಂದು ಭಾಗ: ಇನ್ನೊಬ್ಬನ ಉಪವಾಸವನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ.

ಕೊನೆಯದಾಗಿ, ಮನುಷ್ಯನ ಸ್ವಭಾವಕ್ಕೆ ಇಷ್ಟು ವಿರುದ್ಧವಾದ ಶಿಸ್ತು ಯಾವ ಬಲದ ಮೇಲೆ ನಿಲ್ಲುತ್ತದೆ ಎಂಬ ಪ್ರಶ್ನೆ. ಸಾಧನೆಯನ್ನು ತೋರಿಸುವುದು, ಕೊರತೆಯನ್ನು ಮುಚ್ಚುವುದು ಬರೀ ಜಂಬವಲ್ಲ. ಅದರ ಹಿಂದೆ ಭಯವಿದೆ. ನನ್ನ ಬೆಲೆ ನಾಲ್ಕು ಜನರ ಕಣ್ಣಿನಲ್ಲಿದೆ ಎಂದು ನಂಬಿದವನಿಗೆ ಬೇರೆ ದಾರಿಯಿಲ್ಲ. ಪರ್ವತ ಪ್ರಸಂಗದ ಆ ಭಾಗ ಮೂರು ಸಲವೂ ಬಂದು ನಿಲ್ಲುವುದು ಗುಟ್ಟಾದುದನ್ನು ಕಾಣುವ ತಂದೆಯ ಬಳಿ. ಕಾಣಬೇಕಾದವನು ಆಗಲೇ ಕಂಡಿದ್ದಾನೆ, ಕಂಡೂ ಕೈಬಿಟ್ಟಿಲ್ಲ ಎಂಬ ನಂಬಿಕೆ ಬಂದ ಮೇಲೆ ಪುಣ್ಯವನ್ನು ಪ್ರಚಾರ ಮಾಡಬೇಕಾದ ಜರೂರು ಇರುವುದಿಲ್ಲ, ಪಾಪವನ್ನು ಅಡಗಿಸಿಡಬೇಕಾದ ಜರೂರೂ ಇರುವುದಿಲ್ಲ. ಈ ಬಿಡುಗಡೆಯೇ ತಪಸ್ಸುಕಾಲದ ಅಧ್ಯಾತ್ಮ. ಉಪವಾಸ ಅದನ್ನು ಗಳಿಸಿಕೊಡುವುದಿಲ್ಲ. ಅದು ದೊರೆತಿದೆ ಎಂಬುದನ್ನು ಮೈಗೆ ಕಲಿಸುತ್ತದೆ. ದೇವರನ್ನು ನಂಬದವರೂ ಈ ಶಿಸ್ತಿನ ಒಂದು ಭಾಗವನ್ನು ಪರೀಕ್ಷಿಸಿ ನೋಡಬಹುದು, ಏಕೆಂದರೆ ಅದರ ಫಲವನ್ನು ಅಳೆಯಲು ನಂಬಿಕೆ ಬೇಕಿಲ್ಲ. ನಲವತ್ತು ದಿನ ಕಳೆದ ಮೇಲೆ ಕೇಳಿಕೊಳ್ಳಬೇಕಾದವು ಮೂರೇ ಪ್ರಶ್ನೆಗಳು. ನನ್ನಿಂದ ನೊಂದವನ ಎದುರು ನಿಂತು ನನ್ನ ತಪ್ಪನ್ನು ಒಪ್ಪಿಕೊಂಡೆನೇ? ನಾನು ಮಾಡಿದ ಒಳಿತಿನಲ್ಲಿ ಯಾರಿಗೂ ತಿಳಿಯದೆ ಉಳಿದದ್ದು ಏನಾದರೂ ಇದೆಯೇ? ನಾನು ಉಣ್ಣದೆ ಬಿಟ್ಟದ್ದನ್ನು ಯಾರು ಉಂಡರು? ಮೂರಕ್ಕೂ ಉತ್ತರವಿರುವವನು ಊಟ ಬಿಟ್ಟ ದಿನಗಳನ್ನು ಎಣಿಸಬೇಕಿಲ್ಲ. ಉತ್ತರವಿಲ್ಲದವನಿಗೆ ಎಣಿಕೆಯಿಂದ ಪ್ರಯೋಜನವಿಲ್ಲ.